ಹಿಂದೆ ಬರುವವರಿಗಾಗಿ ಕಟ್ಟುವ ಹಗ್ಗ

ಹಾಸನದಲ್ಲಿ ಪಿಕಪ್ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುವವನು ನಾನು. ಬೇಸಿಗೆಯ ಕೊನೆಗೆ ಬಿತ್ತನೆ ಆಲೂಗಡ್ಡೆ, ಶುಂಠಿ ಕೀಳುವ ಕಾಲಕ್ಕೆ ಶುಂಠಿ, ಕೊಯ್ಲು ಮುಗಿದ ಮೇಲೆ ಸಕಲೇಶಪುರದ ಕಡೆಯ ಕಾಫಿ, ವರ್ಷವಿಡೀ ಮನೆ ಸಾಮಾನು, ಸಿಮೆಂಟು, ಕಬ್ಬಿಣ. ಒಂದು ಕಡೆ ಅರಸೀಕೆರೆ, ತಿಪಟೂರು, ಇನ್ನೊಂದು ಕಡೆ ಶಿರಾಡಿ ಘಾಟಿ ಇಳಿದು ಮಂಗಳೂರು. ಡ್ರೈವಿಂಗ್ ಶಾಲೆಯಲ್ಲಿ ಕ್ಲಚ್ಚು, ಗೇರು, ಬ್ರೇಕು ಕಲಿಸುತ್ತಾರೆ. ಶೋರೂಮಿನಲ್ಲಿ ಮೈಲೇಜು, ಸರ್ವಿಸು, ಸಾಲದ ಕಂತಿನ ವಿವರ ಹೇಳುತ್ತಾರೆ. ಹಿಂದಿನ ಬಾಡಿಯಲ್ಲಿ ಸರಕನ್ನು ಹೇಗೆ ಕೂರಿಸಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾನು ಕಲಿತದ್ದು ಎಪಿಎಂಸಿಯ ಹಮಾಲರಿಂದ, ಹಳೆಯ ಲಾರಿ ಕ್ಲೀನರುಗಳಿಂದ, ಉಳಿದಷ್ಟು ನನ್ನ ಕೈಯಿಂದ ಕೆಟ್ಟ ಕೆಲಸಗಳಿಂದ. ಹೊಸದಾಗಿ ಸಾಲ ಮಾಡಿ ಗಾಡಿ ತೆಗೆದ ಹುಡುಗರು ಆ ಕೆಟ್ಟ ಕೆಲಸಗಳನ್ನು ಮತ್ತೆ ಮಾಡುವುದು ಬೇಡ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1. ಹಗ್ಗಕ್ಕಿಂತ ಮೊದಲು ಖಾಲಿ ಜಾಗ ನೋಡಿ

ಆರಂಭದಲ್ಲಿ ಒಂದು ಮನೆ ಖಾಲಿ ಮಾಡಿಸುವ ಬಾಡಿಗೆ ಸಿಕ್ಕಿತ್ತು. ಕಬ್ಬಿಣದ ಬೀರು, ಫ್ರಿಜ್ಜು, ಮಂಚ ಎಲ್ಲವನ್ನೂ ಏರಿಸಿದೆವು. ಬೀರುವಿಗೂ ಕ್ಯಾಬಿನ್ ಹಿಂದಿನ ಗೋಡೆಗೂ ನಡುವೆ ಒಂದೂವರೆ ಅಡಿ ಜಾಗ ಉಳಿದಿತ್ತು. ಮೇಲಿನಿಂದ ಹಗ್ಗ ಗಟ್ಟಿಯಾಗಿ ಬಿಗಿದಿದ್ದೇನೆ, ಇನ್ನೇನು ಎಂದುಕೊಂಡು ಹೊರಟೆ. ದಾರಿಯಲ್ಲಿ ಹಸುವೊಂದು ಅಡ್ಡ ಬಂತು, ಬ್ರೇಕು ತುಳಿದೆ. ಬೀರು ಆ ಒಂದೂವರೆ ಅಡಿಯನ್ನು ಜಾರಿಕೊಂಡು ಬಂದು ಕ್ಯಾಬಿನ್ ಗೋಡೆಗೆ ಗುದ್ದಿತು. ಅದರ ಬಾಗಿಲು ಬಾಗಿತು, ಕನ್ನಡಿ ಒಡೆಯಿತು. ಅದು ಆ ಮನೆಯವರ ಮದುವೆಯಲ್ಲಿ ಬಂದ ಬೀರು. ನಷ್ಟದ ಹಣ ಕೊಟ್ಟೆ, ಆದರೆ ಆ ಮನೆಯ ಹೆಂಗಸು ಒಂದು ಮಾತೂ ಆಡದೆ ಕನ್ನಡಿಯ ಚೂರು ಆರಿಸಿದ್ದನ್ನು ಮರೆಯಲಾಗಿಲ್ಲ.

ಯುರೋಪಿನಲ್ಲಿ ಸರಕು ಕಟ್ಟುವುದಕ್ಕೆ ಒಂದು ಲಿಖಿತ ಮಾನದಂಡವಿದೆ. ಸರಕು ಮುಂದಕ್ಕೆ ಜಾರದಂತೆ ತಡೆಯಲು ಅದರ ತೂಕದ ಹತ್ತರಲ್ಲಿ ಎಂಟು ಪಾಲು ಬಲ, ಪಕ್ಕಕ್ಕೂ ಹಿಂದಕ್ಕೂ ಜಾರದಿರಲು ಅರ್ಧ ಪಾಲು ಬಲ ತಾಳುವಂತೆ ಕಟ್ಟಬೇಕು ಎನ್ನುತ್ತದೆ ಅದು. ನೂರು ಕಿಲೋ ಬೀರು ಎಂದರೆ ಜೋರು ಬ್ರೇಕಿನಲ್ಲಿ 80 ಕಿಲೋ ಭಾರದಷ್ಟು ಒತ್ತಡದಲ್ಲಿ ಮುಂದಕ್ಕೆ ನುಗ್ಗುತ್ತದೆ. ಸರಕು ಕ್ಯಾಬಿನ್ ಗೋಡೆಗೆ ಒತ್ತಿ ಕೂತಿದ್ದರೆ ಆ ಒತ್ತಡವನ್ನು ಗೋಡೆಯೇ ಹೊರುತ್ತದೆ. ನಡುವೆ ಜಾಗ ಬಿಟ್ಟರೆ ಸರಕು ಓಟ ತೆಗೆದುಕೊಂಡು ಬಂದು ಗುದ್ದುತ್ತದೆ. ಅದಕ್ಕೇ ಈಗ ನಾನು ಮೊದಲು ಜಾಗ ತುಂಬುತ್ತೇನೆ. ಸಂದುಗಳಿಗೆ ಹಾಸಿಗೆ ಸುರುಳಿ, ಬಟ್ಟೆ ಮೂಟೆ, ಹಳೆಯ ಟೈರು, ಮರದ ತುಂಡು, ಏನು ಸಿಗುತ್ತದೋ ಅದು. ಅಲ್ಲಾಡಲು ಜಾಗವಿಲ್ಲದ ಸರಕಿಗೆ ಹಗ್ಗದ ಕೆಲಸ ಬಹಳ ಕಡಿಮೆ.

2. ತೂಕ ಕೆಳಗೆ, ಮುಂದೆ, ನಡುವೆ

ಮೊದಲು ಇಳಿಸಬೇಕಾದದ್ದನ್ನು ಕೊನೆಗೆ ಏರಿಸುವುದು ಎಲ್ಲರ ಅಭ್ಯಾಸ. ನಾನೂ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ಮುಂದೆ ಪೈಪು, ಪ್ಲಾಸ್ಟಿಕ್ ಬಾಗಿಲುಗಳಂಥ ಹಗುರ ಸಾಮಾನು ಹಾಕಿ, ಮೊದಲು ಇಳಿಸಬೇಕಿದ್ದ ಸಿಮೆಂಟಿನ ಮೂಟೆಗಳನ್ನು ಹಿಂದಿನ ಡೋರಿನ ಪಕ್ಕ ಪೇರಿಸಿದೆ. ಒಂದೊಂದು ಮೂಟೆ 50 ಕಿಲೋ. ರಸ್ತೆಗೆ ಇಳಿದ ಮೇಲೆ ಸ್ಟಿಯರಿಂಗು ಕೈಗೆ ಹಗುರಾಯಿತು. ತಿರುವಿನಲ್ಲಿ ತಿರುಗಿಸಿದರೆ ಗಾಡಿ ಒಂದು ಕ್ಷಣ ತಡವಾಗಿ ತಿರುಗಿತು. ಹಿಂದಿನ ಆಕ್ಸಲಿನಿಂದ ಆಚೆ ಬಿದ್ದ ತೂಕ ಮುಂದಿನ ಚಕ್ರಗಳನ್ನು ಮೇಲಕ್ಕೆ ಎತ್ತುತ್ತದೆ ಎಂಬುದು ಅವತ್ತು ಅರ್ಥವಾಯಿತು. ಮುಂದಿನ ಚಕ್ರದ ಮೇಲೆ ಭಾರವಿಲ್ಲದಿದ್ದರೆ ಸ್ಟಿಯರಿಂಗೂ ಇಲ್ಲ, ಅರ್ಧ ಬ್ರೇಕೂ ಇಲ್ಲ.

ಭಾರವಾದದ್ದು ನೆಲಕ್ಕೆ, ಕ್ಯಾಬಿನ್ ಕಡೆಗೆ, ಎಡಬಲಕ್ಕೆ ಸಮನಾಗಿ ಇರಬೇಕು. ಹಗುರವಾದದ್ದು ಮೇಲೆ ಮತ್ತು ಹಿಂದೆ. ಇಳಿಸುವಾಗ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಹಿಡಿಯಲಿ. ಮನೆ ಸಾಮಾನಿನಲ್ಲಿ ಎರಡು ವಸ್ತುಗಳಿಗೆ ಬೇರೆ ಜಾಗ ಬೇಕು. ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು, ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ ಇರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ ಮೂಲೆಗೆ ಕಟ್ಟಬೇಕು, ಉರುಳಲು ಬಿಡಬಾರದು. ಫ್ರಿಜ್ಜನ್ನೂ ನೆಟ್ಟಗೆ ನಿಲ್ಲಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ. ಅನಿವಾರ್ಯವಾಗಿ ಮಲಗಿಸಿದರೆ, ಹೊಸ ಮನೆಯಲ್ಲಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟೇ ಸ್ವಿಚ್ಚು ಹಾಕಿ ಎಂದು ಮನೆಯವರಿಗೆ ಹೇಳಿ ಬನ್ನಿ.

3. ಆರ್‌ಸಿಯಲ್ಲಿ ಬರೆದ ತೂಕವೇ ತೂಕ

ಆರ್‌ಸಿಯಲ್ಲಿ ಎರಡು ತೂಕ ಇರುತ್ತವೆ. ಖಾಲಿ ಗಾಡಿಯದ್ದು ಒಂದು, ಸರಕು ಸೇರಿ ಗರಿಷ್ಠ ಎಷ್ಟಿರಬಹುದು ಎಂಬುದು ಇನ್ನೊಂದು. ಎರಡರ ವ್ಯತ್ಯಾಸದಲ್ಲಿ ಡ್ರೈವರು, ಜೊತೆಗೆ ಕೂತವರು ಎಲ್ಲರ ತೂಕ ಕಳೆದು ಉಳಿದದ್ದೇ ನೀವು ಹೊರಬಹುದಾದ ಸರಕು. ಶುಂಠಿಯ ಮೂಟೆ 60 ಕಿಲೋ. ಇಪ್ಪತ್ತು ಮೂಟೆ ಹಾಕಿದರೆ 1,200 ಕಿಲೋ. ‘ಇನ್ನೈದು ಮೂಟೆ ಹಾಕಿಕೊಳ್ಳಿ, ಎರಡನೇ ಟ್ರಿಪ್ಪು ತಪ್ಪುತ್ತದೆ’ ಎನ್ನುವವರು ಪ್ರತಿ ಹೊಲದಲ್ಲೂ ಇರುತ್ತಾರೆ. ಆ ಐದು ಮೂಟೆಗೆ 300 ಕಿಲೋ.

ಕಂತಿನ ಒತ್ತಡ ಇದ್ದಾಗ ಅಂಥ ಮಾತಿಗೆ ನಾನೂ ತಲೆ ಆಡಿಸಿದ್ದೇನೆ. ಹಿಂದಿನ ಪಟ್ಟಾ ಸ್ಪ್ರಿಂಗು ಮುರಿದಾಗ ಗಳಿಸಿದ್ದಕ್ಕಿಂತ ಹೆಚ್ಚು ಗ್ಯಾರೇಜಿಗೆ ಹೋಯಿತು. ಅದಕ್ಕಿಂತ ದೊಡ್ಡ ಮಾತು ಬ್ರೇಕಿನದು. ಹೆಚ್ಚುವರಿ ತೂಕದ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಇಳಿಜಾರಿನಲ್ಲಿ ಬ್ರೇಕು ಬೇಗ ಕಾಯುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಆ ಸರಕನ್ನು ಇಳಿಸುವ ಖರ್ಚು. ಈ ಅಂಕಿಯನ್ನು ನಾನು ಬಾಡಿಗೆದಾರರಿಗೆ ಮೊದಲೇ ಹೇಳುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ, ಮನಸ್ತಾಪವೂ ಇರುವುದಿಲ್ಲ.

4. ಹಗ್ಗಕ್ಕೂ ಆಯಸ್ಸಿದೆ

ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಹಗ್ಗ ಅಗ್ಗ. ಅದು ಬಿಸಿಲಿಗೆ ಒಣಗಿ, ಎಳೆ ಎಳೆಯಾಗಿ ಪುಡಿಯಾಗುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಶಕ್ತಿ ಹೋಗಿರುತ್ತದೆ. ನೈಲಾನ್ ಹಗ್ಗ ಗಟ್ಟಿ, ಆದರೆ ಹಿಗ್ಗುತ್ತದೆ, ನೆನೆದಾಗ ಇನ್ನಷ್ಟು. ಸಣಬು, ಹತ್ತಿಯಂಥ ನಾರಿನ ಹಗ್ಗ ಮಳೆಗೆ ಬಿಗಿಯಾಗಿ, ಒಣಗಿದಾಗ ಸಡಿಲವಾಗುತ್ತದೆ. ಯಾವುದೇ ಹಗ್ಗವಾದರೂ ಗಂಟು ಹಾಕಿದ ಜಾಗದಲ್ಲಿ ಅದರ ಶಕ್ತಿ ಗಣನೀಯವಾಗಿ ತಗ್ಗುತ್ತದೆ, ಕೆಲವು ಗಂಟುಗಳಲ್ಲಿ ಅರ್ಧದವರೆಗೂ. ಅದಕ್ಕೆ ಹಳೆಯ ಹಗ್ಗದ ತುಂಡುಗಳನ್ನು ಗಂಟು ಹಾಕಿ ಉದ್ದ ಮಾಡಿಕೊಳ್ಳುವ ಅಭ್ಯಾಸ ಬಿಟ್ಟೆ.

ಬಹಳ ವರ್ಷ ಹಗ್ಗದಲ್ಲೇ ಕೆಲಸ ಮಾಡಿದ ಮೇಲೆ ಹಲ್ಲುಗಾಲಿ ಇರುವ ರ್‍ಯಾಚೆಟ್ ಬೆಲ್ಟು ಕೊಂಡೆ. ಪಾಲಿಯೆಸ್ಟರ್ ಪಟ್ಟಿಯಾದ್ದರಿಂದ ಹಿಗ್ಗುವುದು ಕಡಿಮೆ, ಒಬ್ಬನೇ ಬಿಗಿಯಬಹುದು. ಇಷ್ಟು ತಡವಾಗಿ ಕೊಂಡದ್ದಕ್ಕೆ ಪಶ್ಚಾತ್ತಾಪವಿದೆ. ಬೆಲ್ಟಿನ ಮೇಲೆ ಹೊಲಿದ ಚೀಟಿಯಲ್ಲಿ ಎಷ್ಟು ಭಾರ ತಾಳುತ್ತದೆ ಎಂದು ಬರೆದಿರುತ್ತದೆ. ಅಮೆರಿಕದ ನಿಯಮದಂತೆ ಕಟ್ಟಿದ ಬೆಲ್ಟುಗಳ ಒಟ್ಟು ಸಾಮರ್ಥ್ಯ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. ನೆನಪಿಡಲು ಸುಲಭವಾದ ಲೆಕ್ಕ ಅದು, ನಾನೂ ಅದನ್ನೇ ಪಾಲಿಸುತ್ತೇನೆ. ಕಬ್ಬಿಣದ ಅಂಚಿನ ಮೇಲೆ ಹಾದುಹೋಗುವಾಗ ಬೆಲ್ಟಿನ ಕೆಳಗೆ ಟೈರಿನ ಟ್ಯೂಬಿನ ತುಂಡು ಇಡಬೇಕು. ಇಲ್ಲದಿದ್ದರೆ ಅಂಚು ಬೆಲ್ಟನ್ನು ಕೊಯ್ಯುತ್ತದೆ. ಅಂಚು ಹರಿದ ಬೆಲ್ಟು ಮತ್ತೆ ಗಾಡಿಗೆ ಏರಬಾರದು.

5. ಕೋನ ತಪ್ಪಿದರೆ ಬಿಗಿತ ಅರ್ಧ

ಆಲೂಗಡ್ಡೆ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಹಮಾಲರು ನಾನು ಕಟ್ಟಿದ ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿ, ‘ಇದು ಮೂಟೆಯನ್ನು ಒತ್ತುತ್ತಿಲ್ಲ, ಸುಮ್ಮನೆ ಮೇಲೆ ಮಲಗಿದೆ’ ಎಂದರು. ತಗ್ಗಾದ ಸರಕಿನ ಮೇಲೆ ಅಗಲವಾಗಿ ಹಗ್ಗ ಎಳೆದಿದ್ದೆ. ಅವರು ಅದನ್ನು ಬಿಚ್ಚಿಸಿ, ಸರಕಿನ ಅಂಚಿನಲ್ಲೇ ನೇರ ಕೆಳಗೆ ಬರುವ ಕೊಕ್ಕೆಗೆ ಕಟ್ಟಿಸಿದರು.

ಅದರ ಹಿಂದಿನ ಲೆಕ್ಕ ಆಮೇಲೆ ತಿಳಿಯಿತು. ಹಗ್ಗ ನೇರವಾಗಿ ಕೆಳಕ್ಕೆ ಇಳಿದರೆ ಎಳೆದ ಬಲವೆಲ್ಲ ಸರಕನ್ನು ಒತ್ತುತ್ತದೆ. ನೆಲಕ್ಕೆ 30 ಡಿಗ್ರಿಯಷ್ಟು ಓರೆಯಾದರೆ ಅರ್ಧ ಬಲ ಮಾತ್ರ ಒತ್ತುತ್ತದೆ, ಉಳಿದದ್ದು ವ್ಯರ್ಥ. ಸರಕು ತಗ್ಗಾಗಿದ್ದು ಕೋನ ಸಿಗದಿದ್ದರೆ ಮೇಲಿನಿಂದ ಒತ್ತುವ ಬದಲು ಹಿಂದಿನಿಂದ ಸುತ್ತಿ ಮುಂದಕ್ಕೆ ಎಳೆದು ಕಟ್ಟುವುದು ಮೇಲು. ಅದೇ ಹಿರಿಯರು ಕುಣಿಕೆ ಹಾಕಿ, ಹಗ್ಗವನ್ನು ಕೊಕ್ಕೆಗೆ ಸುತ್ತಿ ಮತ್ತೆ ಅದೇ ಕುಣಿಕೆಯೊಳಗಿಂದ ತಂದು ಜಗ್ಗುವ ಲಾರಿ ಗಂಟನ್ನೂ ಕಲಿಸಿದರು. ಕುಣಿಕೆ ಅಲ್ಲಿ ರಾಟೆಯ ಕೆಲಸ ಮಾಡುತ್ತದೆ, ಬರಿಗೈಯಲ್ಲಿ ಜಗ್ಗಿದ್ದಕ್ಕಿಂತ ಎಷ್ಟೋ ಹೆಚ್ಚು ಬಿಗಿತ ಸಿಗುತ್ತದೆ, ಬಿಚ್ಚುವಾಗ ಒಂದೇ ಎಳೆತಕ್ಕೆ ಬಿಡುತ್ತದೆ. ಈ ವಿದ್ಯೆಗೆ ಅವರು ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ನಾನೂ ಕೇಳಿದವರಿಗೆಲ್ಲ ಕಲಿಸುತ್ತೇನೆ.

ಜಾರುವ ನೆಲವೂ ಅಷ್ಟೇ ಮುಖ್ಯ. ಕಬ್ಬಿಣದ ಬಾಡಿ ಒದ್ದೆಯಾದಾಗ, ಮರಳು ಉಳಿದಿದ್ದಾಗ ಸರಕಿಗೆ ಹಿಡಿತವೇ ಇರುವುದಿಲ್ಲ. ಲೋಡಿಗೆ ಮುಂಚೆ ಗುಡಿಸಿ, ದಪ್ಪ ರಬ್ಬರ್ ಹಾಸು ಹಾಕಿ. ಅದೇ ಹಗ್ಗ, ಅದೇ ಬಿಗಿತದಲ್ಲಿ ಎರಡರಷ್ಟು ಹಿಡಿತ ಸಿಗುತ್ತದೆ.

6. ಹೊರಟ ಸ್ವಲ್ಪ ದೂರಕ್ಕೇ ಒಮ್ಮೆ ನಿಲ್ಲಿಸಿ

ಮೂಟೆ ಎಂಬುದು ಕಲ್ಲಲ್ಲ. ಹಂಪುಗಳ ಮೇಲೆ ಕುಲುಕಿದಂತೆ ಒಳಗಿನ ಕಾಳು, ಗಡ್ಡೆ ಕುಸಿದು ಕೂರುತ್ತದೆ. ಲೋಡು ಎರಡು ಬೆರಳು ತಗ್ಗಿದರೂ ಸಾಕು, ಹೊರಡುವಾಗ ತಂತಿಯಂತೆ ಇದ್ದ ಹಗ್ಗ ಜೋಲುತ್ತದೆ. ಒಮ್ಮೆ ಆಲೂರು ದಾಟಿ ಬಹಳ ದೂರ ಹೋದ ಮೇಲೆ ಹಿಂದಿನಿಂದ ಬಂದ ಬಸ್ಸಿನ ಡ್ರೈವರು ಹಾರನ್ ಹೊಡೆದು ಕೈ ತೋರಿಸಿದರು. ಇಳಿದು ನೋಡಿದರೆ ಮೇಲಿನ ಸಾಲಿನ ಶುಂಠಿ ಮೂಟೆ ಅಂಚಿನಿಂದ ಅರ್ಧ ಹೊರಗಿತ್ತು. 60 ಕಿಲೋ ಮೂಟೆ ಬೈಕಿನವನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲೂ ಮನಸ್ಸು ಒಪ್ಪುವುದಿಲ್ಲ. ಆ ಬಸ್ಸಿನ ಡ್ರೈವರು ಯಾರೆಂದು ಗೊತ್ತಿಲ್ಲ, ಅವರ ಋಣ ನನ್ನ ಮೇಲಿದೆ.

ಅಮೆರಿಕದಲ್ಲಿ ಲಾರಿ ಡ್ರೈವರುಗಳು ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ಕಟ್ಟು ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ರಸ್ತೆಯ ಹಂಪು, ಗುಂಡಿಗಳಿಗೆ ಅಷ್ಟು ದೂರ ಕಾಯುವಂತಿಲ್ಲ. ಮೊದಲ ಹತ್ತು ಕಿಲೋಮೀಟರಿಗೇ ಒಮ್ಮೆ, ಆಮೇಲೆ ಚಹಾಕ್ಕೆ ನಿಂತಲ್ಲೆಲ್ಲ, ಮಳೆ ಬಂದು ನಿಂತಾಗ ಮತ್ತೊಮ್ಮೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಪ್ರತಿ ಹಗ್ಗವನ್ನೂ ಕೈಯಿಂದ ಮುಟ್ಟಿ ನೋಡಿ. ಕಣ್ಣಿಗೆ ಬಿಗಿಯಾಗಿ ಕಂಡದ್ದು ಕೈಗೆ ಸಡಿಲವಿರುತ್ತದೆ.

7. ಹಗುರವಾದದ್ದೇ ಮೊದಲು ಹಾರುತ್ತದೆ

ಭಾರದ ಸರಕಿನ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ಥರ್ಮೋಕೋಲು, ತಗಡಿನ ಶೀಟುಗಳನ್ನು ಕೊನೆಗೆ ಮೇಲೆ ಎಸೆದು, ಒಂದು ಹಗ್ಗ ಹಾಯಿಸಿ ಹೊರಟುಬಿಡುತ್ತಾರೆ. ನಾನು ಹಾಗೆ ಹೊರಟ ಒಂದು ದಿನ ಬೈಪಾಸಿನಲ್ಲಿ ಹಾಸಿಗೆಯೊಂದು ಎದ್ದು ಹಾರಿತು. ಹಿಂದೆ ಸ್ಕೂಟರಿನಲ್ಲಿ ಗಂಡ, ಹೆಂಡತಿ, ನಡುವೆ ಒಂದು ಮಗು. ಅವರು ಪಕ್ಕಕ್ಕೆ ಎಳೆದುಕೊಂಡು ಮಣ್ಣಿಗೆ ಬಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಮಗು ಅಳುತ್ತಿತ್ತು. ಅದರ ತಂದೆ ನನ್ನನ್ನು ಬೈದದ್ದರಲ್ಲಿ ಒಂದು ಅಕ್ಷರವೂ ಹೆಚ್ಚಾಗಿರಲಿಲ್ಲ. ಈ ಕಸುಬಿನಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ಆರಡಿ ಉದ್ದ, ನಾಲ್ಕಡಿ ಅಗಲದ ಹಾಸಿಗೆ ಎದ್ದು ಗಾಳಿಗೆ ಎದೆಗೊಟ್ಟರೆ ಅದರ ಮೇಲೆ 40 ಕಿಲೋಗೆ ಹತ್ತಿರದ ಒತ್ತಡ ಬೀಳುತ್ತದೆ. ಅದರ ಸ್ವಂತ ತೂಕ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ವೇಗ ಎರಡರಷ್ಟಾದರೆ ಈ ಒತ್ತಡ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಹಗುರವಾದ, ಅಗಲವಾದ ವಸ್ತುಗಳನ್ನು ಬಾಡಿಯ ಪಕ್ಕದ ಹಲಗೆಗಿಂತ ಕೆಳಗೆ ಇರಿಸಿ. ಮೇಲೆ ಇರಿಸಲೇಬೇಕಾದರೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಹಗ್ಗ ಹಾಕಿ, ಮುಂದಿನ ಅಂಚನ್ನು ಗಾಳಿ ಹೊಗದಂತೆ ಒತ್ತಿ ಕಟ್ಟಿ. ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ, ಕಾಲುಗಳ ನಡುವಿನಿಂದ ಹಗ್ಗ ಹಾಯಿಸಿ.

8. ಟಾರ್ಪಾಲು ಮುಚ್ಚುವುದಕ್ಕೆ, ಹಿಡಿಯುವುದಕ್ಕಲ್ಲ

ಟಾರ್ಪಾಲು ಹೊದಿಸಿ ಅದರ ಅಂಚನ್ನು ಕಟ್ಟಿದರೆ ಸರಕು ಭದ್ರ ಎಂದು ನಂಬಿದ್ದೆ. ಟಾರ್ಪಾಲಿನ ಕಣ್ಣುಗಳು ಮಳೆ, ಧೂಳು ತಡೆಯುವಷ್ಟು ಮಾತ್ರ ಗಟ್ಟಿ. ಸರಕು ಜಾರಿದರೆ ಅವು ಕಿತ್ತು ಬರುತ್ತವೆ. ಮೊದಲು ಸರಕನ್ನು ಸ್ವತಂತ್ರವಾಗಿ ಕಟ್ಟಿ, ಮೇಲೆ ಟಾರ್ಪಾಲು ಹಾಕಿ, ಅದರ ಮೇಲೆ ಬೇರೆ ಹಗ್ಗ ಹಾಕಬೇಕು.

ಎರಡು ಟಾರ್ಪಾಲು ಬೇಕಾದಾಗ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೊದಿಸಬೇಕು, ಮಾಡಿಗೆ ಹೆಂಚು ಹೊದಿಸುವ ಕ್ರಮದಲ್ಲೇ. ಇದನ್ನು ತಿರುವು ಮುರುವಾಗಿ ಮಾಡಿ ಸಕಲೇಶಪುರದಿಂದ ಕಾಫಿ ತರುವಾಗ, ಎದುರು ಗಾಳಿಗೆ ಬಾಯಿ ತೆರೆದ ಸಂದಿನಿಂದ ಮಳೆನೀರು ಒಳಗೆ ಹೊಕ್ಕಿತು. ಒಣಗಿಸಿದ ಕಾಫಿ ಮತ್ತೆ ಒದ್ದೆಯಾದರೆ ಬೂಸು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಬೆಳೆಗಾರ ಅಂಗಳದಲ್ಲಿ ದಿನಗಟ್ಟಲೆ ಒಣಗಿಸಿದ್ದನ್ನು ನಾನು ಒಂದು ಗಂಟೆಯಲ್ಲಿ ಕೆಡಿಸಿದ್ದೆ. ಟಾರ್ಪಾಲಿನ ನಡುವೆ ಸ್ವಲ್ಪ ಎತ್ತರವಿದ್ದು ನೀರು ಪಕ್ಕಕ್ಕೆ ಇಳಿಯುವಂತಿರಬೇಕು. ತಗ್ಗಿದ್ದರೆ ನೀರು ನಿಂತು, ಅದರ ಭಾರಕ್ಕೆ ಟಾರ್ಪಾಲು ಹರಿಯುತ್ತದೆ.

9. ಅರ್ಧ ತುಂಬಿದ ಟ್ಯಾಂಕನ್ನು ಒಪ್ಪಿಕೊಳ್ಳಬೇಡಿ

ಬೇಸಿಗೆಯಲ್ಲಿ ತೋಟಗಳಿಗೆ, ಮದುವೆ ಮನೆಗಳಿಗೆ ಸಿಂಟೆಕ್ಸ್ ಟ್ಯಾಂಕಿನಲ್ಲಿ ನೀರು ಸಾಗಿಸುವ ಬಾಡಿಗೆ ಬರುತ್ತದೆ. ಸಾವಿರ ಲೀಟರ್ ಎಂದರೆ ಒಂದು ಟನ್. ‘ಅರ್ಧ ಸಾಕು, ಗಾಡಿಗೂ ಹಗುರ’ ಎಂದಾಗ ನನಗೂ ಸರಿ ಎನಿಸಿತ್ತು. ಅರ್ಧ ತುಂಬಿದ ಟ್ಯಾಂಕಿನಲ್ಲಿ 500 ಕಿಲೋ ನೀರಿಗೆ ಓಡಾಡಲು ಬೇಕಾದಷ್ಟು ಜಾಗ. ಬ್ರೇಕು ಹಾಕಿದರೆ ಮುಂದಕ್ಕೆ ನುಗ್ಗಿ, ನಿಂತ ಮೇಲೆ ಹಿಂದಕ್ಕೆ ಹೊಡೆದು, ಮತ್ತೆ ಮುಂದಕ್ಕೆ ಬರುತ್ತದೆ. ತಿರುವಿನಲ್ಲಿ ಹೊರಗಿನ ಪಕ್ಕಕ್ಕೆ ಏರಿ ಗಾಡಿಯನ್ನು ಅದೇ ಕಡೆಗೆ ತಳ್ಳುತ್ತದೆ. ಹಗ್ಗ ಟ್ಯಾಂಕನ್ನು ಹಿಡಿಯಬಹುದು, ಒಳಗಿನ ನೀರನ್ನು ಹಿಡಿಯಲಾರದು. ದೊಡ್ಡ ಟ್ಯಾಂಕರುಗಳ ಒಳಗೆ ಅಡ್ಡ ತಡೆಗಳನ್ನು ಕೂರಿಸುವುದು ಇದಕ್ಕೇ. ಮನೆ ಮೇಲೆ ಇಡುವ ಟ್ಯಾಂಕಿನಲ್ಲಿ ಅವು ಇರುವುದಿಲ್ಲ.

ಬಾಯಿಯವರೆಗೆ ತುಂಬಿದ ಚಿಕ್ಕ ಟ್ಯಾಂಕು, ಅಥವಾ ಮುಚ್ಚಳ ಬಿಗಿಯಾದ ಕ್ಯಾನುಗಳು ಸುರಕ್ಷಿತ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಐನೂರು ಒಯ್ಯುವುದಕ್ಕಿಂತ ಐನೂರರ ಟ್ಯಾಂಕನ್ನು ಪೂರ್ತಿ ತುಂಬಿ ಒಯ್ಯಿರಿ.

10. ಬಾಡಿಯಿಂದ ಹೊರಗೆ ಚಾಚಿದ ಕಂಬಿ ಬೇಡವೇ ಬೇಡ

ಟಿಎಂಟಿ ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಪಿಕಪ್ಪಿನ ಬಾಡಿ ಸುಮಾರು ಅದರ ಕಾಲು ಭಾಗದಷ್ಟೇ. 12 ಮಿಲಿಮೀಟರ್ ದಪ್ಪದ ಒಂದು ಕಂಬಿಯ ತೂಕ ಹತ್ತೂವರೆ ಕಿಲೋ ದಾಟುತ್ತದೆ. ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿ ಸಾಗಿಸುವುದನ್ನು ನಾವೆಲ್ಲ ನೋಡುತ್ತ ಬೆಳೆದವರು. ರಾತ್ರಿ ಹಿಂದಿನಿಂದ ಬರುವವರಿಗೆ ಆ ಬಟ್ಟೆಯೂ ಕಾಣುವುದಿಲ್ಲ, ಕಂಬಿಯ ತುದಿಯಂತೂ ಒಂದು ಚುಕ್ಕೆ ಮಾತ್ರ. ನಿಂತ ಗಾಡಿಯ ಕಂಬಿ ಎದೆಗೆ ಹೊಕ್ಕು ಜೀವ ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ.

ಅಗಲ, ಎತ್ತರ, ಮುಂದೆ, ಹಿಂದೆ ಯಾವ ಕಡೆಗೂ ಅನುಮತಿ ಮೀರಿ ಚಾಚಿದ ಸರಕಿಗೆ 20,000 ರೂಪಾಯಿ ದಂಡ ಎಂದು ಕಾಯ್ದೆ ಹೇಳುತ್ತದೆ. ದಂಡಕ್ಕಿಂತ ಜೀವ ದೊಡ್ಡದು. ಕಂಬಿಯನ್ನು ಅಂಗಡಿಯಲ್ಲೇ ಮಡಚಿಸಿ ತರಿಸಿ, ಅಥವಾ ಬೇಕಾದ ಅಳತೆಗೆ ಕತ್ತರಿಸಿಕೊಳ್ಳಿ, ಇಲ್ಲವೇ ಉದ್ದ ಬಾಡಿಯ ಲಾರಿಗೆ ಒಪ್ಪಿಸಿ. ಈ ಬಾಡಿಗೆಯನ್ನು ನಾನು ಬಿಟ್ಟಿದ್ದೇನೆ. ಇನ್ನೊಬ್ಬ ಹೋಗುತ್ತಾನೆ ಎನ್ನುತ್ತಾರೆ, ಹೋಗುತ್ತಾನೆ ಕೂಡ. ಆದರೂ ನನ್ನ ಗಾಡಿಯಿಂದ ಒಂದು ಕಂಬಿ ಕಡಿಮೆಯಾಗುತ್ತದೆ.

11. ಘಟ್ಟ ಇಳಿಯುವ ಮೊದಲೇ ಘಟ್ಟಕ್ಕೆ ಕಟ್ಟಿ

ಬಯಲಿನ ರಸ್ತೆಗೆ ಸಾಕಾದ ಕಟ್ಟು ಶಿರಾಡಿ, ಚಾರ್ಮಾಡಿಗಳಲ್ಲಿ ಸಾಲದು. ಇಳಿಯುವಾಗ ಸರಕು ಇಡೀ ದಾರಿ ಕ್ಯಾಬಿನ್ ಕಡೆಗೆ ಒರಗುತ್ತದೆ. ಏರುವಾಗ ಎಲ್ಲ ಭಾರ ಹಿಂದಿನ ಡೋರಿನ ಕೊಂಡಿಗಳ ಮೇಲೆ ಬೀಳುತ್ತದೆ. ಹಿಮ್ಮುರಿ ತಿರುವುಗಳಲ್ಲಿ ಎಡಕ್ಕೂ ಬಲಕ್ಕೂ ತೂಗುತ್ತದೆ. ಎತ್ತರವಾಗಿ ಕಿರಿದಾಗಿರುವ ಸರಕು, ಅಂದರೆ ಬೀರು, ಫ್ರಿಜ್ಜು, ಒಂದರ ಮೇಲೊಂದು ಪೇರಿಸಿದ ಕ್ರೇಟುಗಳು ಜಾರುವುದಕ್ಕಿಂತ ಮೊದಲು ಮಗುಚುತ್ತವೆ. ಅವುಗಳಿಗೆ ಬುಡದಲ್ಲಿ ಒಂದು, ಮೇಲಿನ ಮೂರನೇ ಒಂದು ಭಾಗದಲ್ಲಿ ಇನ್ನೊಂದು ಹಗ್ಗ ಬೇಕು.

ಸಕಲೇಶಪುರ ದಾಟುವ ಮುಂಚೆ ಗಾಡಿ ನಿಲ್ಲಿಸಿ, ಕಟ್ಟು, ಡೋರಿನ ಕೊಂಡಿ, ಟೈರು ನೋಡಿ ಇಳಿಯುವುದು ನನ್ನ ಪದ್ಧತಿ. ಯಾವ ಗೇರಿನಲ್ಲಿ ಏರಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡು ಬಂದರೆ ಬೇಕಾದ ತಿರುವಿನಲ್ಲಿ ಅದು ಇರುವುದಿಲ್ಲ. ಎಷ್ಟು ಚೆನ್ನಾಗಿ ಕಟ್ಟಿದ ಸರಕನ್ನೂ ಅವಸರದ ತಿರುವು ಸಡಿಲಿಸುತ್ತದೆ. ನಿಧಾನವಾಗಿ ಓಡಿಸುವುದೂ ಸರಕು ಕಟ್ಟುವ ಕೆಲಸದ್ದೇ ಒಂದು ಭಾಗ.

12. ಡೋರು ತೆಗೆಯುವಾಗ ಪಕ್ಕಕ್ಕೆ ನಿಲ್ಲಿ

ಊರು ತಲುಪಿದ ಮೇಲೆ ಎಚ್ಚರ ತಪ್ಪುತ್ತದೆ. ದಾರಿಯಲ್ಲಿ ಜಾರಿದ ಸರಕು ಹಿಂದಿನ ಡೋರಿಗೆ ಒರಗಿ ನಿಂತಿರಬಹುದು. ಕೊಂಡಿ ತೆಗೆದ ಕೂಡಲೇ ಡೋರಿನ ಜೊತೆ ಅದೂ ಬರುತ್ತದೆ. ಮೊದಲು ಪಕ್ಕದಿಂದ ಇಣುಕಿ ನೋಡಿ, ಹಗ್ಗ ಬಿಚ್ಚುವ ಮೊದಲೇ ಡೋರನ್ನು ಸ್ವಲ್ಪ ಸಡಿಲಿಸಿ, ಎದುರಿಗೆ ಯಾರನ್ನೂ ನಿಲ್ಲಿಸಬೇಡಿ. ಗ್ರಾನೈಟು, ಕಡಪ ಕಲ್ಲುಗಳನ್ನು ನೆಟ್ಟಗೆ ಒರಗಿಸಿ ತಂದಿದ್ದರೆ ಇನ್ನೂ ಹೆಚ್ಚು ಜೋಪಾನ ಬೇಕು. ಒಂದು ಹಲಗೆ ತೆಗೆಯುವಾಗ ಉಳಿದವು ಕಟ್ಟಿಯೇ ಇರಬೇಕು. ಇಳಿಸುವ ಕೂಲಿಯವರ ಕಾಲು, ಬೆನ್ನು ನಮ್ಮ ಜವಾಬ್ದಾರಿ.

13. ಸರಕಿನ ಮೇಲೆ ಮನುಷ್ಯರು ಕೂರಬಾರದು

ಇದನ್ನು ಕೊನೆಗೆ ಇಟ್ಟದ್ದು ಕಡಿಮೆಯದೆಂದಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ತುಂಬಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ರಸ್ತೆಯಿಂದ ಉರುಳಿತು. ಅದರಲ್ಲಿ ವ್ಯಾಪಾರಿಗಳೂ ಸರಕಿನ ಜೊತೆ ಪ್ರಯಾಣಿಸುತ್ತಿದ್ದರು. ಕನಿಷ್ಠ 10 ಮಂದಿ ಸತ್ತರು. ಹೊಟ್ಟೆಪಾಡಿಗೆ ಹೊರಟ ಬಡ ವ್ಯಾಪಾರಿಗಳು ಅವರು. ಗಾಡಿ ಮಗುಚಿದಾಗ ಮೂಟೆಗೆ ಹಗ್ಗವಿರುತ್ತದೆ, ಮನುಷ್ಯರಿಗೆ ಏನೂ ಇರುವುದಿಲ್ಲ. ಮೂಟೆಗಳು ಅವರ ಮೇಲೇ ಬೀಳುತ್ತವೆ.

ಮೊದಮೊದಲು ನಾನೂ ಹಮಾಲರನ್ನು ಲೋಡಿನ ಮೇಲೆ ಕೂರಿಸಿಕೊಂಡು ಹೋಗಿದ್ದೇನೆ. ಸರಕಿನ ಮೇಲೆ ಒಬ್ಬರು ಇದ್ದರೆ ಹಿಡಿದುಕೊಳ್ಳುತ್ತಾರೆ ಎಂಬ ಮಾತೂ ಆಡಿದ್ದೇನೆ. ಕೈಯಿಂದ ಹಿಡಿದು ನಿಲ್ಲಿಸಬಹುದಾದ ಸರಕು ಯಾವುದೂ ಇಲ್ಲ. ಸರಕಿನ ಮಾಲೀಕರೋ ಅವರ ಪ್ರತಿನಿಧಿಯೋ ಅಲ್ಲದೆ, ಸರಕು ಗಾಡಿಯಲ್ಲಿ ಬಿಟ್ಟಿ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಎಂದರೆ ಸತ್ತವರ ಮನೆಗೆ ಪರಿಹಾರವೂ ಸಿಗದೆ ಹೋಗಬಹುದು. ಕೂಲಿಯವರಿಗೆ ಬಸ್ಸಿನ ಚಾರ್ಜು ಬಾಡಿಗೆಯಲ್ಲೇ ಸೇರಿಸಿ ಹೇಳಿ. ಕೇಳಿದರೆ ಕೊಡುತ್ತಾರೆ. ನಾನು ಕೇಳಲು ಶುರುಮಾಡಿದ ಮೇಲೆ ಇದೊಂದೇ ಕಾರಣಕ್ಕೆ ಬಾಡಿಗೆ ತಪ್ಪಿದ್ದಿಲ್ಲ.

ಇಷ್ಟನ್ನೂ ಓದಿದ ಗಾಡಿಯವರಲ್ಲಿ ನನ್ನದೊಂದು ಕೋರಿಕೆ. ಲೋಡಾದ ಮೇಲೆ ಹೊರಡುವ ಮುಂಚೆ ನಿಮ್ಮ ಗಾಡಿಯ ಹಿಂದೆ ಹತ್ತು ಹೆಜ್ಜೆ ಹೋಗಿ ನಿಂತು ನೋಡಿ. ಆ ಜಾಗದಲ್ಲಿ ನಿಮ್ಮ ಮನೆಯವರು ಬೈಕಿನಲ್ಲಿ ಬರುತ್ತಿದ್ದರೆ ನೀವು ಈ ಕಟ್ಟಿಗೆ ಒಪ್ಪುತ್ತಿದ್ದಿರೇ ಎಂದು ಕೇಳಿಕೊಳ್ಳಿ. ಬಾಡಿಗೆ ಕೊಡುವವರಲ್ಲೂ ಒಂದು ಕೋರಿಕೆ. ಸರಕು ಕಟ್ಟಲು ಬೇಕಾಗುವ ಅರ್ಧ ಗಂಟೆಗೆ ಅವಸರ ಮಾಡಬೇಡಿ, ಅದಕ್ಕೆ ಕೇಳುವ ಹಣದಲ್ಲಿ ಚೌಕಾಸಿ ಮಾಡಬೇಡಿ. ಆ ಅರ್ಧ ಗಂಟೆ ನಿಮ್ಮ ಸಾಮಾನನ್ನೂ, ಗುರುತು ಪರಿಚಯವಿಲ್ಲದ ಎಷ್ಟೋ ಜನರನ್ನೂ ಕ್ಷೇಮವಾಗಿ ಮನೆ ಮುಟ್ಟಿಸುತ್ತದೆ.